ಹೊಟ್ಟು, ಬೂದಿ, ಇಟ್ಟಂಗಿ

ರಾಯಚೂರು ಸೀಮೆಯ ಎರೆಮಣ್ಣು ಜೋಳಕ್ಕೂ ಹತ್ತಿಗೂ ತಾಯಿ. ಇಟ್ಟಿಗೆಗೆ ಮಾತ್ರ ಮಲತಾಯಿ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಹೊಲದಲ್ಲಿ ಆಗುವುದೇ ಅಚ್ಚಿನಲ್ಲೂ ಆಗುತ್ತದೆ. ಇವತ್ತು ಅಚ್ಚಿನಿಂದ ಇಳಿಸಿದ ಹಸಿ ಇಟ್ಟಿಗೆ ನಾಳೆ ಬಿಸಿಲೇರುವುದರೊಳಗೆ ನಡುವೆ ಸೀಳಿಕೊಂಡಿರುತ್ತದೆ. ಅದಕ್ಕೇ ನಮ್ಮ ಕಡೆಯ ಭಟ್ಟಿಯವರು ಹೊಳೆದಂಡೆಯ ಮೆಕ್ಕಲು, ಕೆರೆಯ ಹೂಳು ಹುಡುಕಿಕೊಂಡು ಹೋದರು. ಅಲ್ಲಿಯೂ ಜಿಗುಟು ಹೆಚ್ಚಾದಾಗ ಮಣ್ಣಿಗೆ ಏನಾದರೂ ಬೆರೆಸಿ ಅದರ ಸೊಕ್ಕು ಮುರಿಯುವುದನ್ನು ಕಲಿತರು. ಬೆರೆಸುವುದನ್ನು ದುಡ್ಡು ಕೊಟ್ಟು ತರುವ ಶಕ್ತಿ ಅವರಿಗಿರಲಿಲ್ಲ. ಹಾಗಾಗಿ ಬೆರೆಸಿದ್ದೆಲ್ಲ ಇನ್ನೊಬ್ಬರು ಬೇಡವೆಂದು ಬಿಟ್ಟದ್ದೇ: ಕಣದ ಹೊಟ್ಟು, ಒಲೆಯ ಬೂದಿ, ಒಡೆದ ಇಟ್ಟಿಗೆಯ ಪುಡಿ, ರೈಲು ಎಂಜಿನ್ನು ಉಗುಳಿದ ಅರೆಬೆಂದ ಕಲ್ಲಿದ್ದಲು.

ಈಗ ತ್ಯಾಜ್ಯದಿಂದ ಇಟ್ಟಿಗೆ ಮಾಡುವುದನ್ನು ಮೇಳಗಳಲ್ಲಿ ಹೊಸ ಶೋಧನೆಯೆಂದು ತೋರಿಸುತ್ತಾರೆ. ತೋರಿಸಲಿ, ನನಗೂ ಸಂತೋಷವೇ. ಆದರೆ ಅದಕ್ಕೊಂದು ಉದ್ದನೆಯ ಚರಿತ್ರೆಯಿದೆ, ಆ ಚರಿತ್ರೆಯಲ್ಲಿ ನಮ್ಮಂಥವರ ಕೈಯಿದೆ. ನಾನು ತುಂಗಭದ್ರೆಯ ದಂಡೆಯ ಭಟ್ಟಿ ಮನೆಯಲ್ಲಿ ಹುಟ್ಟಿದವಳು. ಮದುವೆಯಾದ ಮೇಲೆ ಯಜಮಾನರ ಜೊತೆ ರಾಯಚೂರಿನ ಹತ್ತಿರ ಹಾರುಬೂದಿ ಇಟ್ಟಿಗೆಯ ಘಟಕ ನಡೆಸಿದವಳು. ಕೆಂಪಿಟ್ಟಿಗೆ, ಬೂದಿಯಿಟ್ಟಿಗೆ ಎರಡೂ ನನ್ನ ಕೈಯಲ್ಲಿ ಹಾದುಹೋಗಿವೆ. ಈ ಕಸುಬಿನ ಹಿಂದಿನದನ್ನು ಕೆದಕಿದಾಗಲೆಲ್ಲ ನನಗೆ ಕಂಡದ್ದು ಒಂದೇ ಸಂಗತಿ: ಬೇಡದ ವಸ್ತುವಿಗೆ ಮೊದಲ ಬೆಲೆ ತಂದವರು ಇಟ್ಟಿಗೆಯವರು, ಬೆಲೆ ಬಂದ ಮೇಲೆ ಆ ವಸ್ತು ಮೊದಲು ಕೈತಪ್ಪಿದ್ದೂ ಅವರಿಗೇ.

ಅವ್ವ ಅರಲು ಕಲಸುತ್ತಿದ್ದ ರೀತಿಯನ್ನು ಹೇಳಲೇಬೇಕು, ಯಾಕೆಂದರೆ ಅದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ. ಸಂಜೆ ಗುಂಡಿಯಲ್ಲಿ ಮಣ್ಣು ಹರವಿ ನೀರು ಬಿಟ್ಟು ರಾತ್ರಿಯೆಲ್ಲ ನೆನೆಯಲು ಬಿಡುವುದು. ನಸುಕಿನಲ್ಲಿ ಎದ್ದು ಕಾಲಿನಿಂದ ತುಳಿಯುವುದು. ತುಳಿಯುತ್ತ ತುಳಿಯುತ್ತ ಬುಟ್ಟಿಯಿಂದ ಭತ್ತದ ಹೊಟ್ಟು ಚೆಲ್ಲುವುದು. ಎಷ್ಟು ಬುಟ್ಟಿ ಎಂದು ಎಣಿಸುತ್ತಿರಲಿಲ್ಲ, ಮಣ್ಣು ಕೇಳಿದಷ್ಟು. ಅದನ್ನು ಕೇಳಿಸಿಕೊಳ್ಳುವುದಕ್ಕೆ ಒಂದು ಉಪಾಯವಿತ್ತು. ಅರಲನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿ, ಬೆರಳ ಸಂದಿಯಿಂದ ಹೊರಗೆ ಬರುವ ಎಳೆಯನ್ನು ಅವ್ವ ನೋಡುತ್ತಿದ್ದಳು. ಎಳೆ ನುಣ್ಣಗೆ ಹೊಳೆಯುತ್ತ ಬಂದರೆ ಹೊಟ್ಟು ಸಾಲದು. ಬಂದ ಕೂಡಲೇ ಉದುರಿದರೆ ಹೆಚ್ಚಾಗಿದೆ. ಅಂಚು ಸ್ವಲ್ಪ ಹರಕಾಗಿ, ಆದರೂ ತುಂಡಾಗದೆ ಬಂದರೆ, "ಹಾಂ, ಸಾಕು, ಅಚ್ಚು ತರ್ರಿ" ಎನ್ನುತ್ತಿದ್ದಳು.

ಹೊಟ್ಟು ಎರಡು ಕೆಲಸ ಮಾಡುತ್ತದೆ. ಹಸಿಯಿದ್ದಾಗ ಮಣ್ಣಿನ ಒಳಗಿನ ನೀರಿಗೆ ಹೊರಹೋಗಲು ದಾರಿ ಬಿಡುತ್ತದೆ, ಅದರಿಂದ ಇಟ್ಟಿಗೆ ಸೀಳುವುದಿಲ್ಲ. ಭಟ್ಟಿಯಲ್ಲಿ ಅದೇ ಹೊಟ್ಟು ಇಟ್ಟಿಗೆಯ ಹೊಟ್ಟೆಯೊಳಗೇ ಉರಿದು ಒಳಗಿನಿಂದ ಬೇಯಿಸುತ್ತದೆ, ಅದರಿಂದ ಹೊರಗಿನ ಕಟ್ಟಿಗೆ ಉಳಿಯುತ್ತದೆ. ನಮ್ಮ ಕಡೆಯ ಹಳೆಯ ಇಟ್ಟಂಗಿಯೊಂದನ್ನು ಒಡೆದು ನೋಡಿ. ಹೊರಗೆ ಕೆಂಪು, ನಟ್ಟನಡುವೆ ಕಪ್ಪು ತಿರುಳು, ಅದರ ತುಂಬ ಭತ್ತದ ಆಕಾರದ ಸಣ್ಣ ಸಣ್ಣ ತೂತು. ಕೆಲವು ತೂತುಗಳಲ್ಲಿ ಹೊಟ್ಟಿನ ಗೆರೆ ಕೂಡ ಅಚ್ಚೊತ್ತಿರುತ್ತದೆ.

ದೇಶದ ಅನೇಕ ಉತ್ಖನನಗಳಲ್ಲಿ ಸಿಕ್ಕ ಎರಡು ಸಾವಿರ ವರ್ಷದ ಇಟ್ಟಿಗೆಗಳಲ್ಲೂ ಹೀಗೇ ಹೊಟ್ಟಿನ ಗುರುತುಗಳಿವೆ. ಆ ಕಾಲದಲ್ಲಿ ಯಾವ ಭತ್ತ ಬೆಳೆಯುತ್ತಿದ್ದರು ಎಂದು ತಿಳಿಯಲು ಪುರಾತತ್ವದವರು ಇಟ್ಟಿಗೆಯನ್ನೇ ಒಡೆದು ನೋಡುತ್ತಾರೆ. ಮಣ್ಣಿನೊಳಗೆ ಉರಿದುಹೋಗುವ ವಸ್ತುವನ್ನು ಬೆರೆಸುವ ವಿದ್ಯೆ ಎಷ್ಟು ಎತ್ತರಕ್ಕೆ ಹೋಗಿತ್ತು ಎನ್ನುವುದಕ್ಕೆ ತೆಲಂಗಾಣದ ಪಾಲಂಪೇಟೆಯ ರಾಮಪ್ಪ ಗುಡಿ ಸಾಕ್ಷಿ. ಕಾಕತೀಯರ ಕಾಲದ, 1213ರ ಗುಡಿ ಅದು. 2021ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಅದರ ಶಿಖರದ ಇಟ್ಟಿಗೆಗಳು ನೀರಿಗೆ ಹಾಕಿದರೆ ತೇಲುತ್ತವೆ. ಹೊಟ್ಟು ಅಥವಾ ಕಟ್ಟಿಗೆಯ ಪುಡಿಯಂಥದ್ದನ್ನು ಮಣ್ಣಿಗೆ ಧಾರಾಳವಾಗಿ ಬೆರೆಸಿ ಸುಟ್ಟಾಗ ಉಳಿಯುವ ಗಾಳಿಗೂಡುಗಳೇ ಆ ಹಗುರಕ್ಕೆ ಕಾರಣವೆಂದು ತಿಳಿದವರು ಹೇಳುತ್ತಾರೆ. ಅಷ್ಟು ಎತ್ತರದ ಶಿಖರದ ಭಾರವನ್ನು ಕಡಿಮೆ ಮಾಡಲು ಕಣದ ಕಸವನ್ನು ಬಳಸಿದ ಆ ಕುಶಲಿಗಳ ಹೆಸರು ಯಾವ ಶಾಸನದಲ್ಲೂ ಇಲ್ಲ.

ನಮ್ಮ ಸೀಮೆಯಲ್ಲಿ ಭತ್ತದ ಹೊಟ್ಟು ಬಂದದ್ದು ಈಚೆಗೆ. ಅಪ್ಪನ ಅಪ್ಪನ ಕಾಲದಲ್ಲಿ ಇದು ಜೋಳ, ಹತ್ತಿ, ಶೇಂಗಾದ ನಾಡು. ಭಟ್ಟಿಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು. ಅರಲಿಗೆ ಶೇಂಗಾ ಸಿಪ್ಪೆಯ ಪುಡಿ, ಒಲೆಯ ಬೂದಿ. ಸುಗ್ಗಿ ಮುಗಿದ ಹೊಲದಲ್ಲಿ ಹತ್ತಿಯ ಗಿಡ ಕಿತ್ತುಕೊಟ್ಟರೆ ರೈತನಿಗೂ ಉಪಕಾರ, ಭಟ್ಟಿಗೂ ಉರುವಲು. ದುಡ್ಡಿನ ಮಾತು ಇರಲಿಲ್ಲ. ಊರಿಗೆ ಗುಡಿಯ ಕಟ್ಟೆ ಕಟ್ಟುವಾಗ ಒಂದಿಷ್ಟು ಇಟ್ಟಂಗಿ ಹಾಗೇ ಕೊಡುವುದು, ಅಷ್ಟೇ.

1953ರಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾದುಬಂತು. ಕರಾವಳಿ ಆಂಧ್ರದಿಂದ ರೈತರು ಬಂದು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಜೋಳದ ಹೊಲಗಳು ಗದ್ದೆಗಳಾದವು. ಗದ್ದೆಯ ಹಿಂದೆಯೇ ಅಕ್ಕಿ ಗಿರಣಿಗಳು ಬಂದವು. ಒಂದು ಕ್ವಿಂಟಲ್ ಭತ್ತ ಗಿರಣಿಗೆ ಹೋದರೆ ಸುಮಾರು 20 ಕಿಲೋ ಹೊಟ್ಟು ಹೊರಬರುತ್ತದೆ. ದನ ಅದನ್ನು ತಿನ್ನುವುದಿಲ್ಲ, ಹೊಲಕ್ಕೆ ಹಾಕಿದರೆ ಬೇಗ ಕೊಳೆಯುವುದಿಲ್ಲ, ಗಾಳಿ ಬೀಸಿದರೆ ಕಣ್ಣಿಗೆ ತುಂಬುತ್ತದೆ. ಗಿರಣಿಯ ಹಿಂದೆ ಗುಡ್ಡದಂತೆ ಬಿದ್ದ ಹೊಟ್ಟನ್ನು ಯಾರಾದರೂ ಒಯ್ದರೆ ಸಾಕು ಎನ್ನುವ ಸ್ಥಿತಿ ಸಾಹುಕಾರರದು. ಅಪ್ಪ ಬಂಡಿ ಕಟ್ಟಿಕೊಂಡು ಹೋದರೆ ಹಮಾಲರೇ ತುಂಬಿಕೊಡುತ್ತಿದ್ದರು. ಜಾಗ ಖಾಲಿ ಮಾಡಿದ್ದಕ್ಕೆ ಗಿರಣಿಯವರು ಚಹಾ ಕುಡಿಸಿ ಕಳಿಸುತ್ತಿದ್ದರು. ಹೊಳೆದಂಡೆಯಲ್ಲಿ ಭಟ್ಟಿಗಳು ಹೆಚ್ಚಿದ್ದು ಆಗಲೇ. ಗದ್ದೆಯಿಂದ ಬಂದ ದುಡ್ಡಿನಲ್ಲಿ ಕ್ಯಾಂಪಿನವರು ಮನೆ ಕಟ್ಟಿದರು, ಅದೇ ಗದ್ದೆಯ ಹೊಟ್ಟಿನಲ್ಲಿ ಬೆಂದ ಇಟ್ಟಿಗೆಯಿಂದ.

ಹೊಟ್ಟಿನ ಜೊತೆಗೆ ಅಪ್ಪನ ಬಾಯಲ್ಲಿ ಸದಾ ಇದ್ದ ಇನ್ನೊಂದು ಹೆಸರು ಸಿಂಡರ್, ರೈಲು ಎಂಜಿನ್ನು ಉಗುಳಿದ ಅರೆಬೆಂದ ಕಲ್ಲಿದ್ದಲು. ರಾಯಚೂರು ರೈಲಿನ ಹಳೆಯ ಊರು. ಮುಂಬೈ ಕಡೆಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ಇಲ್ಲೇ. ಉಗಿಬಂಡಿಗಳ ಕಾಲದಲ್ಲಿ ಎಂಜಿನ್ನಿನ ಕೆಳಗೆ ಉದುರಿದ ಕಿಟ್ಟ, ಅರೆಬೆಂದ ಕಲ್ಲಿದ್ದಲು ರಾಶಿರಾಶಿ ಬೀಳುತ್ತಿತ್ತು. ಬಡ ಹೆಂಗಸರು ಅದನ್ನು ಆರಿಸಿ ಬುಟ್ಟಿ ಲೆಕ್ಕದಲ್ಲಿ ಮಾರುತ್ತಿದ್ದರು. ಭಟ್ಟಿಯವರು ಕುಟ್ಟಿ ಪುಡಿ ಮಾಡಿ ಇಟ್ಟಿಗೆಯ ಸಾಲುಗಳ ನಡುವೆ ಚೆಲ್ಲುತ್ತಿದ್ದರು. ಒಂದು ಸಾಲಿನ ಬೆಂಕಿ ಇನ್ನೊಂದಕ್ಕೆ ಹತ್ತಲು ಅದರಷ್ಟು ಒಳ್ಳೆಯದು ಬೇರೆ ಇಲ್ಲವೆಂದು ಅಪ್ಪ ಹೇಳುತ್ತಿದ್ದ.

ಇದೇ ಕಥೆ ದೂರದ ಲಂಡನ್ನಿನಲ್ಲಿ ಇನ್ನೂ ದೊಡ್ಡದಾಗಿ ನಡೆದಿದೆ. 1666ರ ಮಹಾ ಬೆಂಕಿಯ ನಂತರ ಆ ಊರು ಇಟ್ಟಿಗೆಯಲ್ಲಿ ಮತ್ತೆ ಎದ್ದಿತು. ಮನೆಮನೆಯ ಅಗ್ಗಿಷ್ಟಿಕೆಯ ಕಲ್ಲಿದ್ದಲ ಬೂದಿಯನ್ನು ಜರಡಿ ಹಿಡಿದು ನುಣುಪನ್ನು ಮಣ್ಣಿಗೆ ಬೆರೆಸಿದರು, ದಪ್ಪನ್ನು ಉರುವಲಾಗಿ ಬಳಸಿದರು. ಲಂಡನ್ನಿನ ಹಳದಿ ಇಟ್ಟಿಗೆಯ ಗುಟ್ಟಿನಲ್ಲಿ ಬೂದಿಯೂ ಒಂದು. ಹತ್ತೊಂಬತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಟ್ಟಡಗಳ ಭರಾಟೆ ಏರಿದಾಗ, ಬೀದಿಯ ಬೂದಿಯನ್ನು ಒಯ್ಯುವ ಹಕ್ಕಿಗಾಗಿ ಗುತ್ತಿಗೆದಾರರೇ ಅಲ್ಲಿನ ಪ್ಯಾರಿಷ್ ಆಡಳಿತಗಳಿಗೆ ಹಣ ಕಟ್ಟುತ್ತಿದ್ದರು. ಮುಂದೆ ಇಟ್ಟಿಗೆಯ ಬೇಡಿಕೆ ಇಳಿದು ಬೂದಿ ಹೆಚ್ಚಾದಾಗ ವ್ಯವಹಾರ ತಲೆಕೆಳಗಾಯಿತು; ಒಯ್ಯುವುದಕ್ಕೇ ಕೂಲಿ ಕೇಳಿದರು. ಡಿಕನ್ಸ್ 1864-65ರಲ್ಲಿ ಬರೆದ ಕಾದಂಬರಿಯಲ್ಲಿ ಕಸದ ದಿಬ್ಬಗಳೇ ಒಂದು ಮನೆತನದ ಆಸ್ತಿ. ಯಾರು ಯಾರಿಗೆ ಹಣ ಕೊಡಬೇಕು ಎನ್ನುವುದು ವಸ್ತುವಿನ ಗುಣದಿಂದ ತೀರ್ಮಾನವಾಗುವುದಿಲ್ಲ, ಆ ವರ್ಷ ಅದು ಯಾರಿಗೆ ಬೇಕಾಗಿದೆ ಎನ್ನುವುದರಿಂದ ಆಗುತ್ತದೆ. ಲಂಡನ್ನಿನವರು ಇದನ್ನು ಎರಡು ಶತಮಾನದ ಹಿಂದೆಯೇ ಕಂಡರು. ನಾವು ನಮ್ಮ ಆಯುಷ್ಯದಲ್ಲಿ ಎರಡು ಸಲ ಕಂಡೆವು.

ಸುರ್ಕಿಯ ಮಾತನ್ನು ಬಿಡುವ ಹಾಗಿಲ್ಲ. ಭಟ್ಟಿಯಲ್ಲಿ ಒಡೆದದ್ದು, ಸೊಟ್ಟಗಾದದ್ದು ಯಾವಾಗಲೂ ಒಂದು ಪಾಲು ಇರುತ್ತದೆ. ಅದನ್ನು ಕುಟ್ಟಿ ಜರಡಿ ಹಿಡಿದರೆ ಸುರ್ಕಿ. ಸುಣ್ಣದ ಜೊತೆ ಗಾಣದಲ್ಲಿ ಅರೆದರೆ ನೀರಿನಲ್ಲೂ ಗಟ್ಟಿಯಾಗುವ ಗಾರೆ. ಕೃಷ್ಣರಾಜಸಾಗರದ ಕಲ್ಲುಕಟ್ಟಡವನ್ನು ಹಿಡಿದು ನಿಲ್ಲಿಸಿದ್ದು ಸುರ್ಕಿ ಗಾರೆ. ನಮ್ಮ ತುಂಗಭದ್ರೆಯ ಅಣೆಕಟ್ಟಿನಲ್ಲೂ ಅದೇ. ಸುಟ್ಟ ಮಣ್ಣಿನಲ್ಲಿರುವ ಸಿಲಿಕಾ, ಅಲ್ಯೂಮಿನಾಗಳು ಸುಣ್ಣದ ಜೊತೆ ಸೇರಿ ಕಲ್ಲಾಗುತ್ತವೆ. ಬೆಂಕಿಯಲ್ಲಿ ಬೆಂದ ಪುಡಿ, ಸುಣ್ಣ, ನೀರು — ಈ ಮೂರನ್ನು ನೆನಪಿಟ್ಟುಕೊಂಡರೆ ಹಾರುಬೂದಿ ಇಟ್ಟಿಗೆ ಅರ್ಧ ಅರ್ಥವಾದಂತೆ.

1985ರಲ್ಲಿ ದೇವಸೂಗೂರಿನ ಪಕ್ಕ, ಕೃಷ್ಣೆಯ ದಂಡೆಯ ಶಕ್ತಿನಗರದಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಉರಿಯತೊಡಗಿತು. ಮುಂದಿನ 25 ವರ್ಷಗಳಲ್ಲಿ ಘಟಕಗಳು ಎಂಟಾಗಿ, ಒಟ್ಟು ಸಾಮರ್ಥ್ಯ 1,720 ಮೆಗಾವಾಟ್‌ಗೆ ಏರಿತು. ನಾಡಿಗೆ ಬೆಳಕು ಬಂತು, ರಾಯಚೂರಿಗೆ ಬೂದಿ ಬಂತು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಬೂದಿಯೇ. 210 ಮೆಗಾವಾಟಿನ ಒಂದು ಘಟಕ ಪೂರ್ತಿ ಓಡಿದರೆ ದಿನಕ್ಕೆ 3,000 ಟನ್ ಕಲ್ಲಿದ್ದಲನ್ನು ಮೀರಿ ತಿನ್ನುತ್ತದೆ, ಸಾವಿರ ಟನ್ ಬೂದಿ ಬಿಡುತ್ತದೆ. ಅದನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಹರಿಸಿ ಹೊಂಡಕ್ಕೆ ಬಿಡುವುದು ಆಗಿನ ಪದ್ಧತಿ. ಹೊಂಡ ಒಣಗಿದ ಕಡೆ ಬೇಸಿಗೆಯ ಗಾಳಿಗೆ ಬೂದಿ ಏಳುತ್ತಿತ್ತು. ಒಣಹಾಕಿದ ಬಟ್ಟೆ, ಮುಚ್ಚದಿಟ್ಟ ನೀರು, ಬೆಳೆದು ನಿಂತ ಹತ್ತಿ, ಎಲ್ಲದರ ಮೇಲೂ ಅದೇ ಬಣ್ಣ.

ಬೂದಿಗೂ ನಮ್ಮ ಸೀಮೆಗೂ ಇರುವ ನಂಟು ಮಾತ್ರ ಬಹಳ ಹಳೆಯದು. ಬಳ್ಳಾರಿ ರಾಯಚೂರುಗಳ ಸುತ್ತ ನವಶಿಲಾಯುಗದ ಬೂದಿದಿಬ್ಬಗಳು ಹತ್ತಾರು ಇವೆ. ಜನ ಅವನ್ನು ರಾಕ್ಷಸರನ್ನು ಸುಟ್ಟ ಜಾಗ ಎಂದರು. ಹಂಪಿಯ ಬಳಿ ನಿಂಬಾಪುರದಲ್ಲಿರುವುದನ್ನು ವಾಲಿಯನ್ನು ಸುಟ್ಟ ಜಾಗ ಎಂದರು. ರೇಮಂಡ್ ಆಲ್ಚಿನ್ ಎಂಬ ಪುರಾತತ್ವಜ್ಞ 1957ರಲ್ಲಿ ಆಗಿನ ಮೆಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಅಗೆದು, ಅವು ದನದ ಹಟ್ಟಿಗಳಲ್ಲಿ ರಾಶಿಬಿದ್ದ ಸಗಣಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆದವು ಎಂದು ತೋರಿಸಿಕೊಟ್ಟರು. ಆ ದಿಬ್ಬಗಳಲ್ಲಿ ಹೆಸರಾದದ್ದು ಬಳ್ಳಾರಿಯ ಕುಡುತಿನಿಯದು. ಈಗ ಅದೇ ಕುಡುತಿನಿಯಲ್ಲಿ 1,700 ಮೆಗಾವಾಟಿನ ಇನ್ನೊಂದು ಶಾಖೋತ್ಪನ್ನ ಕೇಂದ್ರವಿದೆ, ಅದಕ್ಕೂ ಬೂದಿಹೊಂಡವಿದೆ. ಹಳೆಯ ದಿಬ್ಬಕ್ಕೆ ನಾಲ್ಕು ಸಾವಿರ ವರ್ಷ ದಾಟಿದೆ.

ಹಾರುಬೂದಿಯನ್ನು ಮಣ್ಣಿಗೆ ಬೆರೆಸಿ ಸುಡುವುದು ನಮ್ಮ ಭಟ್ಟಿಯವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಟ್ಟು, ಸಿಂಡರ್ ಬೆರೆಸಿದ ಕೈಗೆ ಅದು ಮೂರನೆಯ ಬೆರಕೆ. ಎರೆಮಣ್ಣಿನ ಸೀಳು ಅದರಿಂದ ನಿಲ್ಲುತ್ತದೆ ಎನ್ನುವುದು ಒಂದೇ ಹಂಗಾಮಿನಲ್ಲಿ ಗೊತ್ತಾಯಿತು. ಆದರೆ ಸುಡದೆಯೇ ಇಟ್ಟಿಗೆ ಮಾಡಬಹುದೆಂಬ ವಿದ್ಯೆ ಬಂದದ್ದು ವಿಶಾಖಪಟ್ಟಣದಿಂದ. ಭಾನುಮತಿದಾಸ್ ಮತ್ತು ಕಾಳಿದಾಸ್ ಎಂಬ ದಂಪತಿ ಅಲ್ಲಿ ಹಾರುಬೂದಿ, ಸುಣ್ಣ, ಜಿಪ್ಸಂ ಈ ಮೂರನ್ನು ಕೂಡಿಸಿ ಫಾಲ್-ಜಿ ಎಂಬ ಮಿಶ್ರಣವನ್ನು ರೂಪಿಸಿದರು. 1990ರ ದಶಕದಲ್ಲಿ ಅದು ಸಣ್ಣ ಸಣ್ಣ ಘಟಕಗಳಿಗೆ ಹರಡಿತು. ನನಗೆ ಅದರಲ್ಲಿ ತುಂಬ ಹಿಡಿಸಿದ್ದು ಇದು: ಮೂರರಲ್ಲಿ ಒಂದನ್ನೂ ಗಣಿಯಿಂದ ತರಬೇಕಿಲ್ಲ. ಬೂದಿ ವಿದ್ಯುತ್ ಕೇಂದ್ರದ್ದು. ಸುಣ್ಣ, ವೆಲ್ಡಿಂಗ್ ಗ್ಯಾಸ್ ಮಾಡುವ ಕಾರ್ಖಾನೆಗಳಲ್ಲಿ ಕಾರ್ಬೈಡಿನಿಂದ ಉಳಿಯುವ ರಾಡಿ. ಜಿಪ್ಸಂ, ಗೊಬ್ಬರದ ಕಾರ್ಖಾನೆ ಹೊರಹಾಕುವ ಪುಡಿ. ಮೂರು ಕಾರ್ಖಾನೆಗಳ ಹಿತ್ತಿಲಿನಲ್ಲಿ ಬಿದ್ದದ್ದನ್ನು ಸೇರಿಸಿ, ಒಂದು ಸೌದೆಯನ್ನೂ ಉರಿಸದೆ, ನೀರುಣಿಸಿ ಗಟ್ಟಿ ಮಾಡುವುದು. ಸುರ್ಕಿ ಗಾರೆಯ ರಸಾಯನವೇ ಅದು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ, ಅಮೂಲ್ಯ ರೆಡ್ಡಿಯವರು 1974ರಲ್ಲಿ ಹುಟ್ಟುಹಾಕಿದ್ದು, ಸುಡದ ಮಣ್ಣಿನ ಇಟ್ಟಿಗೆಗಾಗಿ ಕೈಯಲ್ಲಿ ಒತ್ತುವ ಯಂತ್ರವನ್ನು ಅಷ್ಟರಲ್ಲಾಗಲೇ ಹಳ್ಳಿಗೆ ತಂದಿತ್ತು. ಅಲ್ಲಿನ ಕೆ.ಎಸ್. ಜಗದೀಶ್ ಅವರಂಥವರು ಅದಕ್ಕಾಗಿ ಜೀವ ತೇಯ್ದಿದ್ದಾರೆ. ಆ ಕೆಲಸ ನಡೆಯದೆ ಇದ್ದಿದ್ದರೆ, ಬೆಂಕಿ ಕಾಣದ ಇಟ್ಟಿಗೆಯೂ ಇಟ್ಟಿಗೆಯೇ ಎಂದು ನಮ್ಮ ಎಂಜಿನಿಯರುಗಳು ಒಪ್ಪಲು ಇನ್ನೂ ಎಷ್ಟು ಕಾಲ ಬೇಕಾಗುತ್ತಿತ್ತೋ.

ನಾವು ಘಟಕ ಹಾಕಿದಾಗ ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಬೂದಿ, ಉಳಿದದ್ದರಲ್ಲಿ ಬಹುಪಾಲು ಕ್ರಷರ್‌ಗಳ ಕಲ್ಲಿನ ಪುಡಿ. ಸುಣ್ಣ ಒಳ್ಳೆಯದು ಸಿಗದಿದ್ದಾಗ ಅದರ ಬದಲು ನೂರಕ್ಕೆ ಎಂಟು ಹತ್ತು ಪಾಲು ಸಿಮೆಂಟು. ಮಿಕ್ಸರಿನಿಂದ ಮಿಶ್ರಣ ಬಂದಾಗ ಒಂದು ಹಿಡಿ ತೆಗೆದು ಉಂಡೆ ಕಟ್ಟಿ ಮುರಿಯುತ್ತಿದ್ದೆ. ಸರಿಯಾಗಿ ಎರಡೇ ಹೋಳಾಗಿ, ಅಂಗೈಗೆ ತೇವ ಹತ್ತದಿದ್ದರೆ ನೀರು ಹದ. ಹೋಳು ಪುಡಿಯಾದರೆ ನೀರು ಸಾಲದು. ಅವ್ವನ ಮುಷ್ಟಿಯಿಂದ ನನ್ನ ಅಂಗೈಗೆ ಬಂದದ್ದು ಇಷ್ಟು. ಒತ್ತಿದ ಇಟ್ಟಿಗೆಯನ್ನು ಒಂದು ದಿನ ನೆರಳಲ್ಲಿಟ್ಟು, ಆಮೇಲೆ ಗೋಣಿತಟ್ಟು ಹೊದಿಸಿ ಎರಡು ಮೂರು ವಾರ ನೀರುಣಿಸಬೇಕು. ರಾಯಚೂರಿನ ಬೇಸಿಗೆಯಲ್ಲಿ ಗೋಣಿ ಒಣಗದಂತೆ ನೋಡಿಕೊಳ್ಳುವುದೇ ಒಂದು ಕೆಲಸ. ಆ ಕಾವು ಬೂದಿ ಮತ್ತು ಸುಣ್ಣದ ಕೂಡಿಕೆಗೆ ಒಳ್ಳೆಯದು, ತೇವ ಇರುವ ತನಕ. ತೇವ ಹೋಯಿತೆಂದರೆ ಕೂಡಿಕೆ ಅಲ್ಲಿಗೇ ನಿಂತಿತು. ಹೊರಗಿನಿಂದ ನೋಡಲು ಚೆನ್ನಾಗಿಯೇ ಇರುತ್ತದೆ. ಉಗುರಿನಿಂದ ಅಂಚು ಗೀರಿದರೆ ಪುಡಿ ಉದುರುತ್ತದೆ.

ಮಾರುವುದು ಮಾಡುವುದಕ್ಕಿಂತ ಕಷ್ಟವಾಗಿತ್ತು. "ಅಕ್ಕಾರೆ, ಕೆಂಪಗಿಲ್ಲದ್ದು ಇಟ್ಟಂಗಿ ಹೆಂಗಾಗ್ತದ?" ಎಂದು ಗೌಂಡಿಗಳು ಕೇಳುತ್ತಿದ್ದರು. ಸುಟ್ಟ ಮನೆಯ ಬೂದಿಯನ್ನು ಹೊಸ ಮನೆಗೆ ಹಚ್ಚುವುದು ಅಪಶಕುನ ಎಂದವರೂ ಇದ್ದರು. ಗೌಂಡಿಗಳಿಗೆ ಇನ್ನೊಂದು ಅಭ್ಯಾಸ: ಕೆಂಪಿಟ್ಟಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿಟ್ಟು ಕಟ್ಟುವುದು. ಬೂದಿಯಿಟ್ಟಿಗೆಗೆ ಮೈ ನೆನೆದರೆ ಸಾಕು, ಮುಳುಗಿಸಿ ಕಟ್ಟಿದರೆ ಗೋಡೆ ಒಣಗುವಾಗ ಎಳೆದುಕೊಂಡು ಕೂದಲೆಳೆಯ ಬಿರುಕು ಬಿಡುತ್ತದೆ. ಬಿರುಕು ಕಂಡ ಕೂಡಲೇ ಬೂದಿಯ ಮೇಲೆ ದೂರು. ಯಜಮಾನರು ಕಟ್ಟಡದ ಜಾಗಕ್ಕೇ ಹೋಗಿ, ಗೌಂಡಿಯ ಪಕ್ಕ ಕೂತು, ಮೊದಲ ಸಾಲನ್ನು ತಾವೇ ಇಟ್ಟು ತೋರಿಸುತ್ತಿದ್ದರು. ಎರಡು ಇಟ್ಟಿಗೆಯನ್ನು ಒಂದಕ್ಕೊಂದು ಬಡಿದು ಠಣ್ ಎನ್ನುವ ದನಿ ಕೇಳಿಸುತ್ತಿದ್ದರು. ಆ ದನಿಯನ್ನು ಮಾತ್ರ ಯಾವ ಗೌಂಡಿಯೂ ಅಲ್ಲಗಳೆಯಲಿಲ್ಲ. ದಕ್ಷಿಣದ ಕೆಂಪಿಟ್ಟಿಗೆಗಳ ಬಲ ಮೊದಲಿನಿಂದಲೂ ಸಾಧಾರಣದ್ದೇ. ಚೆನ್ನಾಗಿ ನೀರುಣಿಸಿದ ಬೂದಿಯಿಟ್ಟಿಗೆ ಅದನ್ನು ಸುಲಭವಾಗಿ ಮೀರುತ್ತದೆ.

ಸರಕಾರದ ಕಾನೂನು ಬಂದದ್ದು 1999ರ ಸೆಪ್ಟೆಂಬರ್ 14ರಂದು. ಭೂಮಿಯ ಮೇಲ್ಮಣ್ಣನ್ನು ಉಳಿಸಬೇಕೆಂಬ ಉದ್ದೇಶದ ಅಧಿಸೂಚನೆ ಅದು. ಕಲ್ಲಿದ್ದಲಿನ ವಿದ್ಯುತ್ ಕೇಂದ್ರದಿಂದ 50 ಕಿಲೋಮೀಟರ್ ಒಳಗಿನ ಇಟ್ಟಿಗೆಯವರು ಮಣ್ಣಿಗೆ ಕನಿಷ್ಠ 25% ಬೂದಿ ಬೆರೆಸಬೇಕು. ಕೇಂದ್ರಗಳು ಕನಿಷ್ಠ ಹತ್ತು ವರ್ಷ ಬೂದಿಯನ್ನು ಪುಕ್ಕಟೆ ಕೊಡಬೇಕು. 2003ರಲ್ಲಿ ಆ ದೂರ 100 ಕಿಲೋಮೀಟರ್ ಆಯಿತು. ಆ ಹೊತ್ತಿಗೆ ದೇಶಕ್ಕೆ ಬೂದಿ ಎಷ್ಟು ಬೇಡದ ವಸ್ತುವಾಗಿತ್ತೆಂದರೆ, 1996-97ರಲ್ಲಿ ಸುಮಾರು 6.9 ಕೋಟಿ ಟನ್ ಹುಟ್ಟಿದ್ದರಲ್ಲಿ ಬಳಕೆಯಾದದ್ದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಸಣ್ಣವರು ಅದನ್ನು ಕೈಗೆತ್ತಿಕೊಂಡ ಕಾಲ ಅದು. ಸಾಲ ತೆಗೆದು ಯಂತ್ರ ತಂದವರು, ಭಟ್ಟಿ ಮುಚ್ಚಿ ಘಟಕ ತೆರೆದವರು, ಸ್ವಸಹಾಯ ಸಂಘದ ಹೆಂಗಸರು, ಎಲ್ಲರೂ ನನಗೆ ಗೊತ್ತು.

ಆಮೇಲೆ ಸಿಮೆಂಟು ಕಾರ್ಖಾನೆಗಳಿಗೆ ಬೂದಿಯ ರುಚಿ ಹತ್ತಿತು. ಪೋಝೊಲಾನಾ ಸಿಮೆಂಟಿನಲ್ಲಿ 35% ತನಕ ಹಾರುಬೂದಿ ಬೆರೆಸಲು ಮಾನಕದ ಒಪ್ಪಿಗೆಯಿದೆ. ಸುಣ್ಣದ ಕಲ್ಲು ಅಗೆದು ಸುಡುವ ಖರ್ಚಿಗೆ ಹೋಲಿಸಿದರೆ ಬೂದಿ ಏನೂ ಅಲ್ಲ. ಅವರಿಗೆ ಬೇಕಾದದ್ದು ಹೊಂಡದ ಹಸಿಬೂದಿಯಲ್ಲ, ಚಿಮಣಿಗೆ ಹೋಗುವ ಮುಂಚೆ ಹಿಡಿದ ಒಣಬೂದಿ. ಅದೇ ನುಣುಪು, ಅದೇ ಚುರುಕು. ಇಟ್ಟಿಗೆಗೂ ಒಳ್ಳೆಯದು ಅದೇ. ಬಲ್ಕರ್ ಲಾರಿಗಳು ಸಾಲುಗಟ್ಟಿ ನಿಲ್ಲತೊಡಗಿದವು. ನಮ್ಮ ಟ್ರ್ಯಾಕ್ಟರು ಆ ಸಾಲಿನ ಹಿಂದೆ. ದೂರು ಹೆಚ್ಚಾದದ್ದಕ್ಕೋ ಏನೋ, 2009ರ ತಿದ್ದುಪಡಿಯಲ್ಲಿ ಒಣಬೂದಿಯ ಕನಿಷ್ಠ 20% ಪಾಲನ್ನು ಇಟ್ಟಿಗೆ ಘಟಕಗಳಿಗೆ ಮೊದಲ ಆದ್ಯತೆಯಲ್ಲಿ ಪುಕ್ಕಟೆ ಕೊಡಬೇಕೆಂದು ಬರೆದರು. ಆ ಒಂದು ಸಾಲನ್ನು ನಾವು ಇಟ್ಟಿಗೆ ಘಟಕದವರ ಸಂಘದ ಆಫೀಸಿನ ಗೋಡೆಗೆ ಬರೆಸಿದ್ದೆವು. ಕಾಗದದ ಮೇಲಿನ ಪಾಲು ಟ್ರಾಲಿಗೆ ಬರುವುದಕ್ಕೆ ಎಷ್ಟು ಅಲೆಯಬೇಕಾಯಿತು ಎನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ನಮಗೆ ಬೂದಿ ಕೊಡಬೇಕಿದ್ದ ಕಡೆ ಒಂದು ದಿನ ಯಂತ್ರ ಕೆಟ್ಟಿರುತ್ತಿತ್ತು, ಒಂದು ದಿನ ಸಹಿ ಮಾಡುವವರು ಇರುತ್ತಿರಲಿಲ್ಲ. ಬಲ್ಕರ್‌ಗಳಿಗೆ ಮಾತ್ರ ಯಾವತ್ತೂ ಯಂತ್ರ ಕೆಡುತ್ತಿರಲಿಲ್ಲ.

2016ರಲ್ಲಿ ದೂರವನ್ನು 300 ಕಿಲೋಮೀಟರಿಗೆ ಏರಿಸಿ, ಮೊದಲ 100 ಕಿಲೋಮೀಟರಿನ ಸಾಗಣೆ ವೆಚ್ಚವನ್ನು ಕೇಂದ್ರಗಳೇ ಹೊರಬೇಕೆಂದರು. 2021ರ ಡಿಸೆಂಬರ್ 31ರ ಅಧಿಸೂಚನೆ ಪೂರ್ತಿ ನೂರಕ್ಕೆ ನೂರು ಬಳಕೆಯನ್ನು ಕಡ್ಡಾಯ ಮಾಡಿ, ತಪ್ಪಿದ ಪ್ರತಿ ಟನ್ನಿಗೆ 1,000 ರೂಪಾಯಿ ದಂಡ ಇಟ್ಟಿತು. ಬೂದಿ ಹೊಂಡದಿಂದ ಹೊರಬೀಳುವುದಕ್ಕೆ ಈ ಎಲ್ಲ ನಿಯಮಗಳಿಂದ ನಿಜವಾಗಿ ಒಳ್ಳೆಯದಾಗಿದೆ. 2020-21ರ ಲೆಕ್ಕದಲ್ಲಿಯೇ 23 ಕೋಟಿ ಟನ್ನಿಗೂ ಮಿಕ್ಕ ಬೂದಿಯಲ್ಲಿ 92% ಬಳಕೆಯಾಗಿತ್ತು. ಶಕ್ತಿನಗರದ ಸುತ್ತಿನ ಹಳ್ಳಿಗಳ ಮಕ್ಕಳು ಉಸಿರಾಡುವ ಗಾಳಿಯ ಲೆಕ್ಕದಲ್ಲಿ ಅದು ಸಣ್ಣ ಸಂಗತಿಯಲ್ಲ. ಆದರೆ ಆ 92ರಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಸಿಮೆಂಟಿನದು. ಬೂದಿ ಬೇಡವಾಗಿದ್ದಾಗ ಅದನ್ನು ಇಟ್ಟಿಗೆ ಮಾಡಿ ಗೋಡೆ ಕಟ್ಟಿ ತೋರಿಸಿದ ಸಣ್ಣ ಘಟಕಗಳಲ್ಲಿ ನನಗೆ ತಿಳಿದ ಅನೇಕರು ಬಾಗಿಲು ಹಾಕಿದ್ದಾರೆ. ನಾವೂ ಹಾಕಿದೆವು.

ಹೊಟ್ಟಿನದೂ ಅದೇ ಹಾದಿ. ಗಿರಣಿಗಳು ಕುದಿಸಿದ ಅಕ್ಕಿಗೆ ತಿರುಗಿ, ಬಾಯ್ಲರ್‌ಗೆ ತಮ್ಮ ಹೊಟ್ಟನ್ನೇ ಉರಿಸತೊಡಗಿದವು. ಹೊಟ್ಟಿನಿಂದ ಕರೆಂಟು ಮಾಡುವವರು, ದೂರದ ಕಾರ್ಖಾನೆಗಳ ಬಾಯ್ಲರಿನವರು ಲಾರಿ ಕಳಿಸಿದರು. ಚಹಾ ಕುಡಿಸಿ ಹೊಟ್ಟು ತುಂಬಿಸುತ್ತಿದ್ದ ಗಿರಣಿಯಲ್ಲಿ ತೂಕದ ಕಾಟಾ ಬಂತು. ತನ್ನ ಭಟ್ಟಿಗೆ ಟನ್ ಲೆಕ್ಕದಲ್ಲಿ ಹೊಟ್ಟು ಕೊಳ್ಳಬೇಕಾಗಿ ಬಂದಾಗ ಅಪ್ಪ ಒಂದು ಹಂಗಾಮು ಸುಮ್ಮನೆ ಕೂತ.

ಈಗ ಗಂಗಾವತಿ, ಕಾರಟಗಿ, ಸಿಂಧನೂರಿನ ದಾರಿಯಲ್ಲಿ ಹೊಸ ದಿಬ್ಬಗಳು ಕಾಣುತ್ತವೆ: ಬಾಯ್ಲರಿನಿಂದ ಬಂದ ಹೊಟ್ಟಿನ ಬೂದಿ. ಹೊಟ್ಟು ಉರಿದರೆ ಅದರ ಐದನೆಯ ಒಂದು ಪಾಲು ಬೂದಿಯಾಗಿ ಉಳಿಯುತ್ತದೆ, ಆ ಬೂದಿಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸಿಲಿಕಾ. ಕಾನ್ಪುರದ ಐಐಟಿಯಲ್ಲಿ ಪಿ.ಸಿ. ಕಪೂರ್ ಅವರು 1980ರ ಆಸುಪಾಸಿನಲ್ಲೇ ಇದನ್ನು ಸುಣ್ಣದ ಜೊತೆ ಅರೆದು 'ಅಶ್ಮೋಹ' ಎಂಬ ಗಾರೆಪುಡಿ ಮಾಡಿದ್ದರು. ಹದವಾದ ಬೆಂಕಿಯಲ್ಲಿ ಸುಟ್ಟು ಬಿಳಿ ಬೂದು ಬಣ್ಣಕ್ಕೆ ಬಂದ ಬೂದಿ ಸುಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ. ಬೆಂಕಿ ಅತಿಯಾದರೆ ಸಿಲಿಕಾ ಹರಳುಗಟ್ಟಿ ಜಡವಾಗುತ್ತದೆ. ಬೆಂಕಿ ಸಾಲದೆ ಕಪ್ಪಾಗಿ ಉಳಿದದ್ದರಲ್ಲಿ ಇಂಗಾಲ ತುಂಬಿರುತ್ತದೆ, ಅದು ಗಾರೆಗೆ ಆಗದು. ಆದರೆ ಸುಡುವ ಇಟ್ಟಿಗೆಯ ಅರಲಿಗೆ ಈ ಕಪ್ಪೇ ಬೇಕು: ಎರೆಮಣ್ಣಿನ ಸೀಳನ್ನೂ ತಡೆಯುತ್ತದೆ, ಭಟ್ಟಿಯಲ್ಲಿ ಉರಿಯಲೂ ಉರಿಯುತ್ತದೆ. ಸದ್ಯಕ್ಕೆ ಎರಡನ್ನೂ ಗಿರಣಿಯವರು ರಸ್ತೆಯ ಪಕ್ಕ ಸುರಿಯುತ್ತಾರೆ, ಬೈಕಿನಲ್ಲಿ ಹೋಗುವವರ ಕಣ್ಣಿಗೆ ಬೀಳುತ್ತದೆ, ಊರವರು ಜಗಳವಾಡುತ್ತಾರೆ.

ಕಾರಟಗಿ ಕಡೆಯ ಒಬ್ಬ ಹುಡುಗ, ಡಿಪ್ಲೊಮಾ ಓದಿದವನು, ಈ ಬೂದಿಯಿಂದ ಇಟ್ಟಂಗಿ ಮಾಡುತ್ತೇನೆಂದು ನನ್ನ ಹತ್ತಿರ ಬರುತ್ತಿರುತ್ತಾನೆ. ಬಣ್ಣ ನೋಡಿ ಎರಡು ರಾಶಿ ಮಾಡುವುದನ್ನು, ಉಂಡೆ ಮುರಿದು ನೀರಿನ ಹದ ನೋಡುವುದನ್ನು ಕಲಿಸಿದ್ದೇನೆ. ಅವನು ಒತ್ತಿದ ಮೊದಲ ಇಟ್ಟಿಗೆಗಳು ನೀರುಂಡು ಗಟ್ಟಿಯಾಗಿವೆ, ದನಿಯೂ ಒಳ್ಳೆಯದಿದೆ. ಅವನ್ನು ಗಿರಣಿ ಸಾಹುಕಾರರಿಗೆ ತೋರಿಸಲು ಅವನಿಗೆ ಅವಸರ. ನಾನು ತಡೆದೆ. "ಮೊದಲು ಬೂದಿಯ ಕರಾರು ಬರೆಸಿಕೊಳ್ಳಪ್ಪಾ. ಎಷ್ಟು ವರ್ಷ, ವರ್ಷಕ್ಕೆ ಎಷ್ಟು ಟನ್, ಬಿಳೀದು ಎಷ್ಟು ಕರೀದು ಎಷ್ಟು, ಯಾವ ದರ, ಎಲ್ಲಾ ಛಾಪಾ ಕಾಗದದ ಮ್ಯಾಲ. ಇಟ್ಟಂಗಿ ಆಮ್ಯಾಲ ತೋರಿಸು" ಎಂದೆ. ರಸ್ತೆಯ ಮೇಲೆ ಸುರಿಯುವ ಬೂದಿಗೆ ಕರಾರು ಯಾಕೆ ಎಂದು ಅವನಿಗೆ ಮೊದಲು ಅರ್ಥವಾಗಲಿಲ್ಲ. ಅಪ್ಪನ ಬಂಡಿಯ ಕಥೆಯನ್ನೂ ಬಲ್ಕರ್ ಸಾಲಿನ ಕಥೆಯನ್ನೂ ಹೇಳಿದೆ. ಈಗ ಮೂರು ಗಿರಣಿಯವರು ಬರೆದುಕೊಟ್ಟಿದ್ದಾರೆ. ನಾಲ್ಕನೆಯವರು, ಮೊದಲು ಇಟ್ಟಂಗಿ ತೋರಿಸು, ಆಮೇಲೆ ಮಾತಾಡೋಣ ಅನ್ನುತ್ತಿದ್ದಾರಂತೆ.